ಅಂಡಾಣು ಒಂದೇ, ವೀರ್ಯಾಣು ಕೋಟಿ

"ಬೆದೆ ಕಂಡ ತಕ್ಷಣ ಇಂಜೆಕ್ಷನ್ ಹಾಕಿಸಿದೆ, ಆದರೂ ಹಸು ಗಬ್ಬ ನಿಲ್ಲಲಿಲ್ಲ." ಡೇರಿಗೆ ಹಾಲು ಹಾಕಲು ಬರುವ ಅಕ್ಕಂದಿರಿಂದ ಈ ಮಾತು ಆಗಾಗ ಕೇಳುತ್ತೇವೆ. ಇದು ಅರ್ಥವಾಗಬೇಕಾದರೆ ಅಂಡಾಣು, ವೀರ್ಯಾಣು ಹೇಗೆ ತಯಾರಾಗುತ್ತವೆ ಎಂದು ತಿಳಿದಿರಬೇಕು. ನಮ್ಮಲ್ಲೂ ಹಸುವಿನಲ್ಲೂ ಈ ಕ್ರಮ ಹೆಚ್ಚುಕಡಿಮೆ ಒಂದೇ.

ಗಂಡಿನ ವೃಷಣದಲ್ಲಿ ವೀರ್ಯಾಣು ತಯಾರಾಗುವುದು ಪ್ರಾಯಕ್ಕೆ ಬಂದ ಮೇಲೆ. ಆಮೇಲೆ ದಿನವೂ ನಡೆಯುತ್ತದೆ. ಒಂದು ಕೋಶ ಎರಡು ಸಲ ಒಡೆದು ನಾಲ್ಕು ವೀರ್ಯಾಣುಗಳಾಗುತ್ತವೆ. ಪೂರ್ತಿ ತಯಾರಾಗಲು ಹೋರಿಯಲ್ಲಿ ಸುಮಾರು 61 ದಿನ ಬೇಕು, ಮನುಷ್ಯರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಜ್ವರ ಬಂದ ಹೋರಿ ಎದ್ದು ಓಡಾಡಿದರೂ ಅದರ ವೀರ್ಯ ಕೆಲವು ವಾರ ಸರಿಯಿರದಿರುವುದು ಇದಕ್ಕೇ.

ಹೆಣ್ಣಿನ ಲೆಕ್ಕವೇ ಬೇರೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮುಂದೆ ಅಂಡಾಣುವಾಗುವ ಕೋಶಗಳು ಅದರ ಅಂಡಾಶಯದಲ್ಲಿ ಸಿದ್ಧವಾಗಿ, ಅರ್ಧ ಒಡೆದ ಸ್ಥಿತಿಯಲ್ಲೇ ನಿಂತುಬಿಡುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ ಇದ್ದದ್ದು ಮೈನೆರೆಯುವ ಹೊತ್ತಿಗೆ 3–4 ಲಕ್ಷಕ್ಕೆ ಇಳಿದಿರುತ್ತದೆ. ಬಲಿತು ಹೊರಬರುವುದು ಜೀವಮಾನದಲ್ಲಿ 400–500 ಮಾತ್ರ. ಯೋಚಿಸಿ ನೋಡಿ: ನಿಮ್ಮ ಅಜ್ಜಿ ನಿಮ್ಮ ತಾಯಿಯನ್ನು ಹೊತ್ತಿದ್ದಾಗಲೇ ನಿಮ್ಮ ಅರ್ಧಪಾಲು ಅಲ್ಲಿತ್ತು! ಇಲ್ಲಿ ಕೋಶ ಒಡೆದರೂ ನಾಲ್ಕು ಅಂಡಾಣು ಆಗುವುದಿಲ್ಲ. ಒಂದೇ ಅಂಡಾಣು ಬುತ್ತಿಯನ್ನೆಲ್ಲ ತನ್ನಲ್ಲಿಟ್ಟುಕೊಳ್ಳುತ್ತದೆ, ಉಳಿದ ಚೂರುಗಳು ಕರಗಿಹೋಗುತ್ತವೆ.

ಹಸು ಒಂದು ಬೆದೆಗೆ ಬಿಡುವುದು ಸಾಮಾನ್ಯವಾಗಿ ಒಂದೇ ಅಂಡಾಣು. ಅದೂ ಬೆದೆಯ ಲಕ್ಷಣ ಮುಗಿದು 10–14 ಗಂಟೆಯ ಮೇಲೆ, ಮತ್ತು ಅದು ಚೆನ್ನಾಗಿರುವುದು ಕೆಲವೇ ಗಂಟೆ. ಕಡ್ಡಿಯಲ್ಲಿ ಕೋಟಿಗಟ್ಟಲೆ ವೀರ್ಯಾಣು ಇದ್ದರೂ ತೀರಾ ಬೇಗ ಹಾಕಿಸಿದರೆ ಅಂಡಾಣು ಬರುವಷ್ಟರಲ್ಲಿ ಅವು ಸತ್ತಿರುತ್ತವೆ. ತಡವಾದರೆ ಅಂಡಾಣುವೇ ಕೆಟ್ಟಿರುತ್ತದೆ. ಆದ್ದರಿಂದ ಬೆದೆ ಬೆಳಿಗ್ಗೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ.

ಇನ್ನೊಂದು ಮಾತು. ಪ್ರತಿ ಅಂಡಾಣುವಿನಲ್ಲೂ ಇರುವುದು ಎಕ್ಸ್ ವರ್ಣತಂತು ಮಾತ್ರ. ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ವೈ ಸೇರಿದರೆ ಗಂಡು. ಗಂಡುಕರು ಹಾಕಿತೆಂದು ಹಸುವನ್ನು, ಹೆಣ್ಣು ಹೆತ್ತಳೆಂದು ಸೊಸೆಯನ್ನು ಅನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೆಣ್ಣುಕರುವಿಗೆಂದು ಈಗ ಸಿಗುವ ಲಿಂಗ ವಿಂಗಡಿತ ವೀರ್ಯದ ಕಡ್ಡಿ ತಯಾರಿಸುವಾಗಲೂ ಬೇರ್ಪಡಿಸುವುದು ಹೋರಿಯ ವೀರ್ಯಾಣುವನ್ನೇ, ಹಸುವಿನ ಅಂಡಾಣುವನ್ನಲ್ಲ.