ಹಿಡಿ ಮಣ್ಣಿನ ಪರೀಕ್ಷೆ

ಎರಡನೇ ಸಲವೂ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ವಿಜಯನಗರದ ಪಿ.ಜಿ. ಖಾಲಿ ಮಾಡಿ, ಎರಡು ಚೀಲ ಪುಸ್ತಕ ಹೊತ್ತು ಅರಸೀಕೆರೆ ಬಳಿಯ ನಮ್ಮೂರಿಗೆ ಬಂದಿಳಿದಾಗ ಏಪ್ರಿಲ್ ಕೊನೆ. ಅಪ್ಪ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು. ಕೇಳುವವರು ಬೇರೆ ಇದ್ದರು ಬಿಡಿ, ಹಾಲಿನ ಡೇರಿಗೆ ಹೋದರೆ ಸಾಕು, ‘ಏನವ್ವ, ಕೆಲ್ಸ ಆಯ್ತಾ?’ ಅದಕ್ಕೇ ನಾನು ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲು ಹಿಡಿದೆ.

ಹಿತ್ತಲಲ್ಲಿ ಹತ್ತಡಿ ಉದ್ದ, ಆರಡಿ ಅಗಲದ ಜಾಗವಿದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ಭರಣಿ ಮಳೆ ಒಂದು ರಾತ್ರಿ ಚೆನ್ನಾಗಿ ಹೊಯ್ದಿತು. ಬೆಳಿಗ್ಗೆ ಎದ್ದವಳೇ ಗುದ್ದಲಿ ಹಿಡಿದೆ. ನೆಲ ಬೆಣ್ಣೆಯಂತಿತ್ತು. ಮಧ್ಯಾಹ್ನದೊಳಗೆ ಅರ್ಧ ಅಗೆದು, ಅಂಗೈಯಲ್ಲಿ ನಾಲ್ಕು ಬೊಬ್ಬೆ ಎಬ್ಬಿಸಿಕೊಂಡು, ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದೆ.

ಆಮೇಲೆ ಮೂರು ದಿನ ಬಿಸಿಲು. ಅಗೆದ ಅರ್ಧ ಭಾಗ ಇಟ್ಟಿಗೆ ಗೂಡಿನಂತಾಯಿತು. ಗುದ್ದಲಿಯ ಹಿಂಬದಿಯಿಂದ ಹೊಡೆದರೂ ಹೆಂಟೆ ಒಡೆಯದು. ಅಜ್ಜಿ ಕೋಲೂರಿಕೊಂಡು ಬಂದು, ಬರಿಗಾಲಲ್ಲಿ ಒಮ್ಮೆ ತಡವಿ ನೋಡಿ, ‘ಹಸಿ ನೆಲ ಮುಟ್ಟಿದ್ದೀಯಲ್ಲೇ ಮಗಾ, ಯಾರ್ ಹೇಳಿದ್ರು ನಿಂಗೆ?’ ಎಂದಳು.

ಯಾರೂ ಹೇಳಿರಲಿಲ್ಲ. ಕೆಂಪು ಮಣ್ಣಿಗೆ ಆ ಬಣ್ಣ ಕಬ್ಬಿಣದ ಆಕ್ಸೈಡ್‌ನಿಂದ ಬರುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಅದನ್ನು ಯಾವಾಗ ಅಗೆಯಬೇಕೆಂಬ ಪ್ರಶ್ನೆ ನಾನು ಬಿಡಿಸಿದ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ.

ಜೇಡಿ ಅಂಶವಿರುವ ಮಣ್ಣು ತೀರಾ ಒದ್ದೆಯಿದ್ದಾಗ ಅಗೆದರೆ ಅದು ಉದುರುವುದಿಲ್ಲ, ಮೆತ್ತಿಕೊಳ್ಳುತ್ತದೆ. ಗಾಳಿ, ನೀರು ಓಡಾಡುವ ಸಂದುಗಳೆಲ್ಲ ಮುಚ್ಚಿ, ಒಣಗಿದಾಗ ಕಲ್ಲಾಗುತ್ತದೆ. ಅಜ್ಜಿಯ ಪರೀಕ್ಷೆ ಸುಲಭ. ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಬೇಕು, ಹೆಬ್ಬೆರಳಿನಿಂದ ತಿವಿಯಬೇಕು. ಉಂಡೆ ಹಾಗೇ ಉಳಿದರೆ ಇನ್ನೆರಡು ದಿನ ಕಾಯಬೇಕು. ಉಂಡೆಯೇ ಆಗದಿದ್ದರೆ ನೀರು ಹಾಯಿಸಿ ಕಾಯಬೇಕು. ಉಂಡೆಯಾಗಿ, ತಿವಿದಾಗ ಉದುರಿದರೆ ಅದೇ ಹದ. (ಹಿತ್ತಲಿಲ್ಲದವರು ಕುಂಡದ ಮಣ್ಣಿಗೂ ಇದನ್ನು ಮಾಡಿ ನೋಡಬಹುದು.)

ಉಳಿದರ್ಧವನ್ನು ಹದ ನೋಡಿಯೇ ಅಗೆದೆ. ಅಜ್ಜಿ ಗೋಣಿಚೀಲ ಹಾಸಿಕೊಂಡು ಪಕ್ಕದಲ್ಲೇ ಕೂತಳು. ಗರಿಕೆಯನ್ನು ಗುದ್ದಲಿಯಲ್ಲಿ ತುಂಡರಿಸಿದರೆ ಗಿಣ್ಣಿರುವ ಒಂದೊಂದು ತುಂಡೂ ಮತ್ತೆ ಚಿಗುರುತ್ತದೆ. ಜೇಕನ್ನು ಕಿತ್ತರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಅಜ್ಜಿ ಬೆರಳಲ್ಲೇ ತಡಕಾಡಿ ಎರಡನ್ನೂ ಆಯ್ದು ಹಾಕುತ್ತಿದ್ದಳು, ಕಣ್ಣಿರುವ ನನಗಿಂತ ಬೇಗ. ಪಕ್ಕದ ಮನೆಯವರ ತಿಪ್ಪೆಯಿಂದ ಎರಡು ಮಂಕರಿ ಗೊಬ್ಬರ ತಂದರೆ ಮೂಸಿ ನೋಡಿ, ‘ಇದಿನ್ನೂ ಕಳಿತಿಲ್ಲ, ಗೊಣ್ಣೆಹುಳ ಕರ್ಕೊಂಡ್ ಬತ್ತೈತೆ’ ಎಂದು ವಾಪಸ್ ಕಳಿಸಿದಳು. ತಿಪ್ಪೆಯ ಅಡಿಭಾಗ ಕೆದಕಿ, ವಾಸನೆಯಿಲ್ಲದ ಕಪ್ಪು ಪುಡಿ ತಂದ ಮೇಲೇ ಸಮಾಧಾನ. ಸಡಿಲಾದ ಮಣ್ಣಿನ ಮೇಲೆ ಕಾಲಿಟ್ಟಾಗ ಮೊಣಕಾಲಿಗೆ ಕೋಲಿನ ಏಟೂ ಬಿತ್ತು. ತುಳಿದರೆ ಅಗೆದದ್ದೆಲ್ಲ ದಂಡವಂತೆ.

ಆದರೆ ನಾನು ಕೆಡಿಸಿದ ಅರ್ಧ ಹಾಗೇ ಇತ್ತು. ಒಂದು ಸಂಜೆ ಹೊಲದಿಂದ ಬಂದ ಅಪ್ಪ ಅಟ್ಟದ ಮೇಲಿದ್ದ ಕೊಡತಿ ಇಳಿಸಿ, ಮಾತಿಲ್ಲದೆ ಹೆಂಟೆ ಒಡೆಯತೊಡಗಿದರು. ನಾನೂ ಪಕ್ಕದಲ್ಲಿ ಕೂತು ನೀರು ಚಿಮುಕಿಸುತ್ತಾ ಹೋದೆ. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತದೇ ಕೇಳಿದರು:

‘ಮತ್ತೆ ಯಾವಾಗ ಅರ್ಜಿ ಕರೀತಾರೆ?’

‘ಇನ್ನೂ ಗೊತ್ತಿಲ್ಲಪ್ಪ.’

‘ಹಂಗಾದ್ರೆ ಹರಿವೆ ಜೊತೆ ನಾಲ್ಕು ಬೆಂಡೆನೂ ಹಾಕು. ಕೀಳೋಕೆ ಒಂದೂವರೆ ತಿಂಗಳಾದ್ರೂ ಬೇಕು, ಅಲ್ಲಿಗಂಟ ಇರು. ಪುಸ್ತಕ ಇಲ್ಲೂ ಓದಬಹುದು.’

ನನಗೆ ಗಂಟಲು ಕಟ್ಟಿತು. ಚೊಂಬು ತುಂಬಿಸುವ ನೆಪದಲ್ಲಿ ಒಳಗೆ ಹೋದೆ.

ಕೃತ್ತಿಕಾ ಮಳೆಗೆ ಬಿತ್ತಿದ ಹರಿವೆ ಐದನೇ ದಿನಕ್ಕೆ ಮೂಡಿತು. ಅದಕ್ಕೂ ಮೊದಲು ಜೇಕು ಬಂದಿತ್ತು ಅನ್ನಿ. ಅಜ್ಜಿಯ ಕೈಹಿಡಿದು ಕರೆತಂದೆ. ಮೊಳಕೆಗಳ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸುತ್ತಾ ಬಂದವಳು ಮಧ್ಯಕ್ಕೆ ಬಂದಾಗ ನಿಲ್ಲಿಸಿದಳು.

‘ಇಲ್ಲಿಂದಾಚೆ ತೆಳ್ಳಗೈತೆ. ಮೊದಲ ದಿನ ಅಗೆದಿದ್ದು ಇದೇ ಕಡೆ ಅಲ್ವಾ?’