ಗೋದಲಿಗೆ ಬೂಷ್ಟು ಬಂದ ಬಗೆ

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯು ಹುಮನಾಬಾದನ್ನು ಹಾದು ಬಸವಕಲ್ಯಾಣದ ಸೀಮೆಯನ್ನು ದಾಟುವಲ್ಲೆಲ್ಲ, ಇಕ್ಕೆಲದ ಜೋಳದ ಹೊಲಗಳು ಮನೆಮಂದಿಗೆ ರೊಟ್ಟಿಯನ್ನೂ ದೇವಣಿ ತಳಿಯ ದನಗಳಿಗೆ ಕಣಕಿಯನ್ನೂ ತಲೆತಲಾಂತರದಿಂದ ಒದಗಿಸುತ್ತ ಬಂದಿವೆ. ಹಿಂಗಾರಿ ಜೋಳವು ಮಳೆ ಹಿಂದೆಗೆದ ಮೇಲೆ ತೆನೆ ಹಿರಿದು ಮಾಗಿಯ ಒಣಹವೆಯಲ್ಲಿ ಬಲಿಯುವುದರಿಂದ, ಅದರ ಕಾಳಿಗೆ ಬೂಷ್ಟು ಹತ್ತುವ ಭಯವು ಅಲ್ಪವೇ ಸರಿ.

1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1 ಎಂಬ ಸಂಕರ ತಳಿಯೂ ಅದರ ಬೆನ್ನಿಗೇ ಬಂದ ಅಲ್ಪಾವಧಿಯ ತಳಿಗಳೂ ದಖ್ಖನ್ನಿನ ಮುಂಗಾರಿ ಜೋಳದ ಇಳುವರಿಯನ್ನು ಹೆಚ್ಚಿಸಿದುವು. ಆದರೆ ಮಳೆಗಾಲ ತೀರುವ ಮೊದಲೇ ಕಾಳು ಬಲಿಯತೊಡಗಿದುದರಿಂದ ಫ್ಯುಸೇರಿಯಂ, ಕರ್ವುಲೇರಿಯಾ ಮೊದಲಾದ ಶಿಲೀಂಧ್ರಗಳು ತೊಯ್ದ ತೆನೆಯಲ್ಲಿಯೇ ಮನೆಮಾಡಿದುವು. ಇದೇ ಹೆದ್ದಾರಿಯ ಮಗ್ಗುಲಿನ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ಕಾಳಿನ ಬೂಷ್ಟನ್ನು ತಡೆಯಬಲ್ಲ ತಳಿಗಳ ಶೋಧವನ್ನು ಕೈಗೊಂಡದ್ದು ಈ ಕಾರಣದಿಂದಲೇ. ಕಪ್ಪಿಟ್ಟ ಕಾಳಿಗೆ ಪೇಟೆಯಲ್ಲಿ ಧಾರಣೆಯಿಲ್ಲವಾಗಿ, ಅದು ದನಕ್ಕೂ ಕೋಳಿಗೂ ಮೀಸಲಾಗುವುದು ಸಹಜವೆಂಬಂತಾಯಿತು.

ಇಂತಹ ಮೇವಿನಲ್ಲಿ ಮೃತ್ಯುವೇ ಅಡಗಿರಬಹುದೆಂಬುದನ್ನು ಜಗತ್ತು ಸ್ಪಷ್ಟವಾಗಿ ಕಂಡುದು 1960ರಲ್ಲಿ, ಬ್ರೆಜಿಲ್ ದೇಶದ ಶೇಂಗಾ ಹಿಂಡಿಯನ್ನು ತಿಂದು ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಮಿಕ್ಕು ಟರ್ಕಿ ಕೋಳಿಗಳು ಸತ್ತಾಗ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಸ್ರವಿಸುವ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಅಕಾಲವೃಷ್ಟಿಗೆ ನೆನೆದ ಜೋಳವನ್ನೂ ಗೋವಿನಜೋಳವನ್ನೂ ಉಂಡ ಜನರು ಹೊಟ್ಟೆನೋವು, ಭೇದಿಗಳಿಂದ ನರಳಿದಾಗ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆ ಧಾನ್ಯದಲ್ಲಿ ಫ್ಯುಮೋನಿಸಿನ್ ಎಂಬ ಮತ್ತೊಂದು ಶಿಲೀಂಧ್ರವಿಷವನ್ನು ಗುರುತಿಸಿದರು.

ತನಗೊಲ್ಲದುದನ್ನು ಹಟ್ಟಿಗೆ ಹಾಕಿ ನಿಶ್ಚಿಂತನಾದೆನೆಂದು ಒಕ್ಕಲಿಗನು ಭಾವಿಸುವಂತಿಲ್ಲ. ಎಮ್ಮೆಯೋ ಆಕಳೋ ತಿಂದ ಅಫ್ಲಾಟಾಕ್ಸಿನ್ ಬಿ1ರ ಒಂದಂಶವು ಅದರ ಯಕೃತ್ತಿನಲ್ಲಿ ಎಂ1 ಎಂಬ ರೂಪವನ್ನು ತಾಳಿ ಹಾಲಿಗಿಳಿಯುತ್ತದೆ. ಹಾಲನ್ನು ಕಾಯಿಸಿದರೂ ನಾಶವಾಗದ ಈ ವಸ್ತುವಿಗೆ ನಮ್ಮ ದೇಶದ ಆಹಾರ ನಿಯಮವು ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಮಿನ ಮಿತಿಯನ್ನು ವಿಧಿಸಿದೆ.

ಕಾಳನ್ನೂ ಹಿಂಡಿಯನ್ನೂ ಚೆನ್ನಾಗಿ ಒಣಗಿಸಿ ನೆಲದ ತೇವ ತಾಕದಂತೆ ಎತ್ತರದಲ್ಲಿಡುವುದೂ, ಬಣವಿಯೊಳಗೆ ಮಳೆನೀರು ಇಳಿಯದಂತೆ ನೋಡಿಕೊಳ್ಳುವುದೂ ದುಬಾರಿಯ ಕೆಲಸಗಳಲ್ಲ. ಬೂಷ್ಟು ಹಿಡಿದುದನ್ನು ಒಳ್ಳೆಯ ಮೇವಿನೊಡನೆ ಬೆರೆಸಿ ತಿನ್ನಿಸುವುದಂತೂ ಸರ್ವಥಾ ಸಲ್ಲದು. ಸಂಶಯ ಬಂದಲ್ಲಿ ಹುಮನಾಬಾದಿಗೆ ಸಮೀಪದ ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಅಲ್ಲಿಯ ತಜ್ಞರನ್ನು ಕೇಳಬಹುದು. ಮನುಷ್ಯನು ಉಣ್ಣಲಾರದ ಕಾಳು ದನದ ಗೋದಲಿಗೂ ಅಯೋಗ್ಯವೆಂಬುದನ್ನು ನಮ್ಮ ರೈತಬಂಧುಗಳು ನಿಯಮವಾಗಿ ಪಾಲಿಸಬೇಕು.