ಟಿಲ್ಲರ್ ಟ್ರಾಲಿಯ ಕೊಂಡಿ, ಪಿನ್ನು



ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕಾ ಹೊಳೆ. ಇಲ್ಲಿಯ ಉಪ್ಪುಗಾಳಿಗೆ ಟ್ರಾಲಿಯ ಪಿನ್ನು ಬೇಗ ತುಕ್ಕು ಹಿಡಿದು ಕೊಂಡಿಯಲ್ಲೇ ಕಚ್ಚಿಕೊಳ್ಳುತ್ತದೆ. ಸಿಟ್ಟಿನಿಂದ ಸುತ್ತಿಗೆಯಲ್ಲಿ ಬಡಿದರೆ ಆಯಿತೇ? ಬಡಿದ ತುದಿ ಅರಳಿ ಇನ್ನಷ್ಟು ಬಿಗಿಯುತ್ತದೆ. ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಮೂಕಿಗೆ ಆನಿಕೆ ಇಟ್ಟು ಪಿನ್ನಿನ ಮೇಲಿನ ಭಾರ ತಪ್ಪಿಸಿ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆಮೇಲೆ ತಿರುಗಿಸುತ್ತಾ ಎತ್ತಿರಿ.

ಸವೆದ ಪಿನ್ನಿನ ಬದಲು ಕೈಗೆ ಸಿಕ್ಕ ಸರಳು ತುರುಕಬೇಡಿ. ತೂತಿನಲ್ಲಿ ಸಡಿಲಾಗಿ ಕುಲುಕಿ ಅದು ತುಂಡಾದೀತು. ಅಳತೆಯ ಪಿನ್ನು, ಅದಕ್ಕೊಂದು ಕ್ಲಿಪ್ಪು, ಜೊತೆಗೆ ಸರಪಳಿ ಇರಲಿ, ಗ್ರೀಸು ಮರೆಯಬೇಡಿ. ಕೊಂಡಿಯೇ ಬಿರುಕುಬಿಟ್ಟರೆ ಮನೆಯ ಬೆಸುಗೆ ಬೇಡ, ಬದಲಿಸಿರಿ. ಹೆದ್ದಾರಿಯಲ್ಲಿ ಟ್ರಾಲಿ ಕಳಚಿದರೆ ಹಿಂದೆ ಬರುವವರ ಜೀವಕ್ಕೇ ಕುತ್ತು.